ಎಂಟನೆಯ ಬಾಗಿಲ ಮೇಲಿನ ಕೈಗಳು

ವಡೋದರಾದ ಒಂದು ಮನೆಯ ಒಳಬಾಗಿಲ ಮೇಲೆ ಎರಡು ಕುಂಕುಮದ ಅಂಗೈಗಳಿವೆ. ಆ ಮನೆಯವರು ಅವನ್ನು ತಮ್ಮ ಮಗಳು ಫಾಲ್ಗುನಿಯ ಕೈಗಳೆಂದು ನಂಬಿಕೊಂಡು ಬಂದವರು. ಅವು ಅವಳವಲ್ಲ, ನನ್ನವು. ಅವಳ ಕೈಗಳನ್ನು ನಾನೇ ಒರೆಸಿದೆ, ಆ ಜಾಗದ ಮೇಲೆ ನಾನೇ ಬಣ್ಣ ಬಳಿದೆ, ಆಮೇಲೆ ನನ್ನ ಅಂಗೈಗೆ ಕುಂಕುಮ ಮೆತ್ತಿಕೊಂಡು ಅಲ್ಲೇ ಒತ್ತಿದೆ. ಇಷ್ಟು ಹೇಳಲು ಏಳು ವರ್ಷ ಬೇಕಾಯಿತು — ಬರೆಯಲು ಒಂದು ನಿಮಿಷವೂ ಹಿಡಿಯಲಿಲ್ಲ ನೋಡಿ.

ಹೇಳಬೇಕಾದವರಿಗೆ ಕನ್ನಡ ಬಾರದು. ಆದರೂ ಮೊದಲು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಏಳು ವರ್ಷ ಸುಳ್ಳು ಹೇಳಿದ್ದು ಹಿಂದಿ, ಗುಜರಾತಿ ಕಲಸಿದ ಭಾಷೆಯಲ್ಲಿ; ಆ ಭಾಷೆಯಲ್ಲಿ ನನ್ನ ನಾಲಿಗೆ ಸ್ವಲ್ಪ ಹೆಚ್ಚೇ ನಯವಾಗಿಬಿಟ್ಟಿದೆ. ಕನ್ನಡದಲ್ಲಿ ನಾನು ಸುಳ್ಳು ಹೇಳಿದರೆ ಗದಗಿನಲ್ಲಿರುವ ನನ್ನ ಅವ್ವ ಫೋನಿನಲ್ಲೇ ಹಿಡಿದುಬಿಡುತ್ತಾಳೆ.

ಆಗ ನನಗೆ ಇಪ್ಪತ್ತಾರು. ವಡೋದರಾದ ಮಕರಪುರದ ಒಂದು ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ. ಅಲ್ಲಿಂದ ಸ್ಕೂಟರಿನಲ್ಲಿ ಹದಿನೈದು ನಿಮಿಷದ ದೂರದಲ್ಲಿ, ಹಳೆಯ ಸೊಸೈಟಿಯೊಂದರ, ಅಂದರೆ ಬಡಾವಣೆಯೊಂದರ, ಮನೆಯ ಮಹಡಿಯಲ್ಲಿ ನಾನೂ ರೂಪಾಳೂ ಬಾಡಿಗೆಗಿದ್ದೆವು. ರೂಪಾ ಕುಂದಾಪುರದವಳು, ಅವಳ ಸೋದರಮಾವನ ಉಡುಪಿ ಹೋಟೆಲು ವಡೋದರಾದಲ್ಲೇ ಇತ್ತು, ಹಾಗಾಗಿ ನಮಗೆ ಭಾನುವಾರದ ದೋಸೆಗೆ ಬರವಿರಲಿಲ್ಲ. ಕೆಳಗೆ ಮನೆಯ ಯಜಮಾನಿ ಮಂಜುಲಾಬೆನ್ — ನಮಗೆ ಮಾಸಿ, ಅಂದರೆ ಚಿಕ್ಕಮ್ಮ — ಮತ್ತು ಅವರ ಗಂಡ ಅರವಿಂದಕಾಕಾ.

ಮಾಸಿಯ ಮನೆ ಎಂದರೆ ಜಾತ್ರೆ. ಕೆಳಗಿನ ಹಜಾರದಲ್ಲಿ ಬೆಳಿಗ್ಗೆ ಎಂಟಕ್ಕೆ ಆರು ಜನ ಹೆಂಗಸರು ಬಂದು ಕೂತು ಖಾಖ್ರಾ ಲಟ್ಟಿಸುತ್ತಿದ್ದರು. ಖಾಖ್ರಾ ಅಂದರೆ ನಮ್ಮ ಕಟಕ ರೊಟ್ಟಿಯ ಗುಜರಾತಿ ತಂಗಿ. ಗೋಧಿ ಹಿಟ್ಟಿನದು, ಹಪ್ಪಳದಷ್ಟು ತೆಳು. ಮಾಸಿ ಬೆಂಕಿಯ ಮುಂದೆ ಕೂತು, ಮರದ ಹಿಡಿಯಿಂದ ತವೆಯ ಮೇಲೆ ಒಂದೊಂದನ್ನೂ ಒತ್ತಿ ಒತ್ತಿ ಗರಿಗರಿ ಮಾಡುವರು. ಮಾತು, ನಗು, ಬೈಗುಳ, ನವರಾತ್ರಿ ಹತ್ತಿರ ಬಂದರೆ ಗರ್ಬಾ ಹಾಡು. ಮಗಳು ಫಾಲ್ಗುನಿಯನ್ನು ಕೊಟ್ಟದ್ದು ಸೂರತ್ತಿನ ಅಡಾಜಣ್‌ಗೆ. ದೂರವೇನಲ್ಲ, ರೈಲಿನಲ್ಲಿ ಎರಡು ಗಂಟೆ. ತಿಂಗಳಿಗೊಮ್ಮೆ ಬರುವಳು, ಬಂದಾಗ ಅವಳೂ ಲಟ್ಟಣಿಗೆ ಹಿಡಿಯುವಳು. ಅಂದರೆ ಆ ಬಾಗಿಲ ಮೇಲಿನ ಕೈಗಳು ಯಾರ ದುಃಖದ ಗುರುತೂ ಆಗಿರಲಿಲ್ಲ. ಆ ಮನೆಯ ಸಂತೋಷದ ಗುರುತು ಅವು.

ಈ ಕಡೆ ಒಂದು ಪದ್ಧತಿಯಿದೆ. ಮದುವೆಯಾಗಿ ತವರು ಬಿಡುವಾಗ ಹುಡುಗಿ ಎರಡೂ ಅಂಗೈಗೆ ಒದ್ದೆ ಕುಂಕುಮ ಹಚ್ಚಿಕೊಂಡು ಗೋಡೆಗೆ ಒತ್ತಿ ಹೋಗುತ್ತಾಳೆ. ಲಕ್ಷ್ಮಿ ಹೊರಟರೂ ಅವಳ ಕೈ ಇಲ್ಲೇ ಇರಲಿ ಅಂತ. ಆದರೆ ಅರವಿಂದಕಾಕಾ ಲೆಕ್ಕಾಚಾರದ ಮನುಷ್ಯ. ‘ಗೋಡೆಗೆ ಮೂರು ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಾರೆ, ಕೈ ಅಳಿಸಿಹೋಗುತ್ತದೆ, ಬಾಗಿಲಿಗೆ ಯಾರು ಬಣ್ಣ ಬಳಿಯುತ್ತಾರೆ?’ ಎಂದು ಮಗಳ ಕೋಣೆಯ ತೇಗದ ಬಾಗಿಲಿಗೇ ಒತ್ತಿಸಿದ್ದರು. ಅವರ ಲೆಕ್ಕ ಸರಿಯಾಗಿಯೇ ಇತ್ತು — ನಾನು ಆ ಮನೆಗೆ ಬಾಡಿಗೆಗೆ ಬರುವವರೆಗೆ.

ಬಾಗಿಲುಗಳಿಗೆ ಹೊಸ ಬಣ್ಣ ಬಳಿಯದಿದ್ದಕ್ಕೂ ಖಾಖ್ರಾವೇ ಕಾರಣ. ಎಣ್ಣೆ ಬಣ್ಣದ ವಾಸನೆಯನ್ನು ಹಿಟ್ಟು ಹೀರಿಕೊಳ್ಳುತ್ತದೆ. ಒಂದು ಬಾಗಿಲಿಗೆ ಬಳಿದರೆ ವಾರವಿಡೀ ಮಾಡಿದ ಖಾಖ್ರಾವನ್ನೆಲ್ಲ ಹಸುವಿಗೆ ಹಾಕಬೇಕು. ಹಾಗಾಗಿ ಎಂಟು ಬಾಗಿಲುಗಳೂ, ಕಿಟಕಿ ಚೌಕಟ್ಟುಗಳೂ ಹಳೆಯ ಎನಾಮೆಲ್ಲಿನಲ್ಲಿ ಹಳದಿಗಟ್ಟಿ ಕೂತಿದ್ದವು. ದೀಪಾವಳಿಗೆ ಮೂರು ವಾರವಿದ್ದಾಗ ಮಾಸಿ ಅದನ್ನೇ ಗೊಣಗುತ್ತಿದ್ದರು. ನಾನು ಸುಮ್ಮನಿರಬಹುದಿತ್ತು. ಬಾಯಿ ಬಿಟ್ಟೆ.

‘ಮಾಸಿ, ನೀರಿನ ಸ್ಯಾಟಿನ್ ಬಣ್ಣ ಅಂತ ಬರುತ್ತದೆ. ವಾಸನೆ ಇಲ್ಲ, ಹಳದಿ ಆಗುವುದಿಲ್ಲ, ಕುಂಚವನ್ನು ನಲ್ಲಿ ಕೆಳಗೆ ತೊಳೆದರೆ ಮುಗಿಯಿತು. ನಾನೇ ಬಳಿದು ಕೊಡುತ್ತೇನೆ.’

ನಮ್ಮ ಪ್ರಯೋಗಾಲಯದಲ್ಲಿ ನನ್ನ ದಿನನಿತ್ಯದ ಕೆಲಸವೇ ಅದು — ಮರದ ಹಲಗೆಗೆ ಸ್ಯಾಟಿನ್ ಬಳಿದು, ಒಣಗಿಸಿ, ಕೆರೆದು ನೋಡುವುದು. ಹೊಳೆಯುವ ಬಣ್ಣದ ಥಳಕಿಲ್ಲ, ಮಂಕು ಬಣ್ಣದ ಬೇಸರವಿಲ್ಲ. ಇಸ್ತ್ರಿ ಮಾಡಿದ ರೇಷ್ಮೆಯ ಒಳಮಗ್ಗುಲಿನ ಹಾಗೆ ಒಂದು ಮಿದುವಾದ ಮೆರುಗು. ನನಗೆ ಅದೆಂದರೆ ಇವತ್ತಿಗೂ ಪ್ರೀತಿ. ಆಗ ಪ್ರೀತಿಯ ಜತೆಗೆ ಜಂಬವೂ ಇತ್ತು.

ಮಾಸಿ ಒಪ್ಪಿದರು. ಒಪ್ಪುತ್ತಲೇ ಬೆರಳೆತ್ತಿ ಒಂದು ಮಾತು ಹೇಳಿದರು: ‘ಬಧಾಂ ಬಾರಣಾಂ ಕರ್, ಪಣ್ ಫಾಲ್ಗುನಿನಾ ಬಾರಣಾನೇ ಅಡತಿ ನಹೀಂ.’ ಎಲ್ಲ ಬಾಗಿಲೂ ಮಾಡು, ಫಾಲ್ಗುನಿಯ ಬಾಗಿಲೊಂದನ್ನು ಮುಟ್ಟಬೇಡ. ಇದಕ್ಕಿಂತ ಸ್ಪಷ್ಟವಾಗಿ ಯಾರು ಏನು ಹೇಳಬೇಕು? ಭಾಷೆ ತಿಳಿಯಲಿಲ್ಲವೆಂದು ನಾನು ಹೇಳುವಂತಿಲ್ಲ. ನನಗೆ ತಿಳಿದಿತ್ತು.

ಎರಡು ವಾರ, ಸಂಜೆ ಕೆಲಸದಿಂದ ಬಂದ ಮೇಲೆ, ಒಂದೊಂದೇ ಬಾಗಿಲು. ನೀರಿನ ಬಣ್ಣಕ್ಕೆ ಹಳೆಯ ಎಣ್ಣೆ ಬಣ್ಣದ ಮೇಲೆ ಹಿಡಿತ ಸಿಗುವುದಿಲ್ಲ. ಮೊದಲು ಬಟ್ಟೆ ಒಗೆಯುವ ಸೋಡಾದ ನೀರಿನಿಂದ ಜಿಡ್ಡು ತೊಳೆಯಬೇಕು, ಉಜ್ಜುಕಾಗದದಿಂದ ಹೊಳಪು ತೆಗೆಯಬೇಕು, ಪ್ರೈಮರ್ ಎಂಬ ತಳಬಣ್ಣ ಕೊಡಬೇಕು. ಆಮೇಲೆ ತೆಳುವಾಗಿ ಎರಡು ಪದರ ಸ್ಯಾಟಿನ್. ಬಳಿದ ಕಡೆಗೆ ಮತ್ತೆ ಕುಂಚ ಒಯ್ಯಬಾರದು. ಬೇಗ ಒಣಗುವುದರಿಂದ ಗೆರೆ ಎದ್ದುಬಿಡುತ್ತದೆ. ಲಟ್ಟಿಸುವ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಾಗಿಲಿಗೆ ಮೂಗು ತಾಗಿಸಿ ಮೂಸಿ ನೋಡಿದರು. ‘ವಾಸನೆಯೇ ಇಲ್ಲ! ಇವಳು ಬಣ್ಣ ಬಳಿದಳೋ ಹಾಲು ಬಳಿದಳೋ’ ಎಂದು ನಕ್ಕರು. ನಾನು ನೆಲದ ಮೇಲೆ ಇರಲಿಲ್ಲ.

ಏಳು ಬಾಗಿಲು ಬೆಳ್ಳಗಾದವು. ಎಂಟನೆಯದು, ಹಜಾರದ ನಡುವೆಯೇ, ಹಳದಿ ಹಲ್ಲಿನಂತೆ ಉಳಿಯಿತು. ಎರಡು ದಿನ ಅದನ್ನೇ ನೋಡಿದೆ. ನಾನು ಅಡ್ಡಾದಿಡ್ಡಿಯನ್ನು ಸಹಿಸುವ ಹೆಣ್ಣಲ್ಲ — ಬೇರೆಯವರ ಮನೆಗೆ ಹೋದರೂ ಸೊಟ್ಟಗಿರುವ ಫೋಟೋ ನೆಟ್ಟಗೆ ಮಾಡಿಯೇ ಕೂರುವವಳು. ಮಾಸಿಯೂ ಕಾಕಾನೂ ದೀಪಾವಳಿಯ ತಿಂಡಿ ಕಟ್ಟಿಕೊಂಡು ಮೂರು ದಿನಕ್ಕೆ ಸೂರತ್ತಿಗೆ ಹೊರಟರು. ಹೆಂಗಸರಿಗೆ ರಜೆ. ಕೈಗಳನ್ನು ಕಾಗದದಿಂದ ಮುಚ್ಚಿ ಸುತ್ತಲೂ ಬಳಿದರೆ ಏನಾದೀತು? ಬಿಳಿಯ ಮೇಲೆ ಕೆಂಪು ಕೈ ಇನ್ನೂ ಚೆನ್ನಾಗಿ ಎದ್ದು ಕಾಣುತ್ತದೆ, ಮಾಸಿ ಬಂದು ನೋಡಿ ತಬ್ಬಿಕೊಳ್ಳುತ್ತಾರೆ... ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವವರೆಲ್ಲ ಹೀಗೆಯೇ ಶುರು ಮಾಡುತ್ತಾರೆ.

ಕೈಗಳ ಮೇಲೆ ಪತ್ರಿಕೆಯ ಹಾಳೆ ಇಟ್ಟು ಅಂಚಿಗೆಲ್ಲ ಟೇಪು ಅಂಟಿಸಿದೆ. ಮೇಲಿನಿಂದ ಸೋಡಾ ನೀರಿನ ಬಟ್ಟೆ ಹಿಡಿದು ತೊಳೆಯುತ್ತ ಬಂದೆ. ಬಟ್ಟೆಯನ್ನು ಹಿಂಡಿದ್ದು ಸಾಲಲಿಲ್ಲ. ಒಂದು ಸಣ್ಣ ಧಾರೆ ಇಳಿದು ಟೇಪಿನ ಕೆಳಗೆ ನುಗ್ಗಿತು. ಕಾಗದದ ಕೆಳತುದಿಯಿಂದ ಗುಲಾಬಿ ನೀರು ಹೊರಬಂದಾಗಲೇ ನನಗೆ ಕಂಡದ್ದು. ಕಾಗದ ಕಿತ್ತೆ. ಬೆರಳುಗಳು ಆಗಲೇ ಇಳಿದುಹೋಗಿದ್ದವು. ಆಗಲಾದರೂ ಕೈ ಕಟ್ಟಿ ನಿಂತಿದ್ದರೆ ಅರ್ಧ ಅಂಗೈಯಾದರೂ ಉಳಿಯುತ್ತಿತ್ತು — ಉಳಿದೇ ಉಳಿಯುತ್ತಿತ್ತು. ಗಾಬರಿಯಲ್ಲಿ ಅದೇ ಬಟ್ಟೆಯಿಂದ ಒರೆಸಿಬಿಟ್ಟೆ. ಹೊರಡುವಾಗ ಒಬ್ಬ ಹುಡುಗಿ ಅಳುತ್ತ ಒತ್ತಿಹೋದದ್ದು ಎರಡು ಒರೆತಕ್ಕೆ ಹೋಯಿತು.

‘ರೂಪಾ,’ ಎಂದು ಕಿರುಚಿದೆ. ಅವಳು ಮಹಡಿಯಿಂದ ಇಳಿದು ಬಂದಳು. ‘ಕೈ ಹೋದೂವಲೇ, ಕೈ ಹೋದೂವು.’

ಅವಳು ಮೊದಲು ನನ್ನ ಕೈ ನೋಡಿದಳು, ಆಮೇಲೆ ಬಾಗಿಲು ನೋಡಿದಳು. ‘ಅಯ್ಯೋ ದೇವ್ರೇ, ಎಂತ ಮಾಡ್ಕಂಡ್ಯೆ ಮಾರಾಯ್ತಿ! ಈಗಳೇ ಫೋನ್ ಮಾಡಿ ಹೇಳ್. ಇವತ್ತ್ ಹೇಳಿರೆ ಬರೀ ಬೈಗಳ. ನಾಳೆ ಹೇಳಿರೆ ಕಳ್ಳತನ ಆತ್ತ್.’

ನಾನು ಫೋನು ಮಾಡಲಿಲ್ಲ. ಪ್ರೈಮರ್ ಡಬ್ಬಿ ತೆರೆದೆ.

ಅದಾದ ಮೇಲಿನದು ನನ್ನ ವೃತ್ತಿಗೇ ನಾಚಿಕೆ. ಪ್ರೈಮರ್ ಒಣಗಿ ಬೆಳ್ಳಗಾಯಿತು, ಸ್ಯಾಟಿನ್ ಬಳಿದೆ — ಗುಲಾಬಿ ಎದ್ದುಬಂತು. ಮತ್ತೊಂದು ಪದರ ಬಳಿದೆ, ಮತ್ತೆ ಗುಲಾಬಿ. ನೀರಿನಲ್ಲಿ ಕರಗುವ ಕಲೆ ನೀರಿನ ಬಣ್ಣದೊಳಗೆ ಕರಗಿ ಮೇಲೇರಿಯೇ ಏರುತ್ತದೆ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಮೊದಲ ವಾರ ನಾನೇ ಕಲಿಸುವ ಪಾಠ ಇದು. ಕೊನೆಗೆ ಮರುದಿನ ಕಾರ್ಖಾನೆಗೆ ಹೋಗಿ ಕಲೆ ಮುಚ್ಚುವ ಸೀಲರ್ ಕೇಳಿ ತಂದೆ. ಅದು ಸ್ಪಿರಿಟ್ಟಿನದು, ಮೂಗು ಸೀಳುವ ವಾಸನೆ. ವಾಸನೆಯೇ ಇಲ್ಲ ಎಂದು ಮೆರೆದವಳು ಹಿಟ್ಟಿನ ಡಬ್ಬಿಗಳನ್ನೆಲ್ಲ ಹೊತ್ತು ಮಹಡಿಗೆ ಸಾಗಿಸಿ, ಎಲ್ಲ ಕಿಟಕಿ ತೆರೆದು, ಇಡೀ ದಿನ ಫ್ಯಾನು ಹಾಕಿ ಕೂತೆ. ಮೂರನೆಯ ದಿನ ಬೆಳಿಗ್ಗೆ ಎಂಟನೆಯ ಬಾಗಿಲು ಉಳಿದ ಏಳಕ್ಕಿಂತಲೂ ಚೆನ್ನಾಗಿತ್ತು. ಅಷ್ಟು ಸೊಗಸಾದ ಕೆಲಸವನ್ನು ನಾನು ಮತ್ತೆಂದೂ ಮಾಡಿಲ್ಲ.

ಆಮೇಲೆ ಕುಂಕುಮ ಕಲಸಿದೆ, ಸ್ವಲ್ಪ ತುಪ್ಪ ಬೆರೆಸಿ. ಹೊಸ ಸ್ಯಾಟಿನ್ ಮೇಲೆ ಅದು ನಿಲ್ಲದೆ ಜಾರಿತು. ಎರಡು ಅಂಗೈಯಗಲ ಜಾಗವನ್ನು ಉಜ್ಜುಕಾಗದದಿಂದ ಮೆಲ್ಲಗೆ ಒರಟು ಮಾಡಿಕೊಂಡೆ. ಎತ್ತರ ನೆನಪಿತ್ತು. ಫಾಲ್ಗುನಿಯ ಎಡಗೈ ಗುರುತು ಸ್ವಲ್ಪ ಹೊರಳಿತ್ತು, ಕಿರುಬೆರಳು ಎಳೆದಂತಿತ್ತು. ಒತ್ತುವಾಗ ಅವಳು ಬಿಕ್ಕಿದಳಂತೆ, ಕೈ ಅಲುಗಿತಂತೆ. ಮಾಸಿ ಎಷ್ಟು ಸಲ ಹೇಳಿರಲಿಲ್ಲ? ನಾನು ನನ್ನ ಕೈಯನ್ನೂ ಹಾಗೆಯೇ ಅಲುಗಿಸಿದೆ. ಒರೆಸಿದ್ದು ಅಚಾತುರ್ಯ. ಆದರೆ ಆ ಹುಡುಗಿಯ ಬಿಕ್ಕನ್ನು ನಕಲು ಮಾಡಿದೆನಲ್ಲ — ಅದನ್ನು ನಿಧಾನವಾಗಿ, ಉಸಿರು ಬಿಗಿಹಿಡಿದು, ಚೆನ್ನಾಗಿ ಬರಲಿ ಎಂದು ಮಾಡಿದೆ.

ರೂಪಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಅವಳು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಅದು ಅವಳ ದೊಡ್ಡತನ.

ಸಂಜೆ ಮಾಸಿ ಬಂದರು. ಚಪ್ಪಲಿ ಬಿಡುತ್ತಲೇ ಬಾಗಿಲು ಕಣ್ಣಿಗೆ ಬಿತ್ತು, ಮುಖ ಬಿಳುಪೇರಿತು. ಆಮೇಲೆ ಕೈಗಳು ಕಂಡವು. ಹತ್ತಿರ ಹೋಗಿ ನಿಂತರು, ನನ್ನ ಕಡೆ ತಿರುಗಿದರು. ‘ತೇಂ ಹಾಥ್ ಸಾಚವ್ಯಾ, ದೀಕರಿ.’ ಕೈಗಳನ್ನು ಜೋಪಾನ ಮಾಡಿದೆಯಲ್ಲ ಮಗಳೇ.

‘ಹಾ, ಮಾಸಿ’ ಎಂದೆ. ನನ್ನ ಸುಳ್ಳು ಒಟ್ಟು ಇಷ್ಟೇ, ಎರಡು ಪದ. ಮಿಕ್ಕಿದ್ದೆಲ್ಲ ಅದರ ನೆರಳಿನಲ್ಲೇ ಬೆಳೆಯಿತು.

ಮುಂದಿನ ತಿಂಗಳು ಫಾಲ್ಗುನಿ ಬಂದಳು. ಬಿಳಿ ಬಾಗಿಲು ನೋಡಿ ಹಿಗ್ಗಿದಳು, ಕುಂಕುಮದ ಕೈಗೆ ತನ್ನ ಕೈ ಹಿಡಿದು ಅಳೆದಳು. ಅವಳ ಬೆರಳು ಅರ್ಧ ಇಂಚು ಮುಂದೆ ಹೋಯಿತು. ‘ಅರೇ ಮಮ್ಮಿ, ನನ್ನ ಕೈ ಇಷ್ಟು ಸಣ್ಣದಿತ್ತಾ?’ ಎಂದಳು. ತವೆಯ ಮುಂದಿನಿಂದ ಮಾಸಿ, ‘ಸಣ್ಣದೇ ಇತ್ತು. ಸೂರತ್ತಿನ ತುಪ್ಪ ತಿಂದು ಬೆಳೆದಿದೀಯ’ ಎಂದರು. ಆರು ಜನ ಹೆಂಗಸರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಆಮೇಲೆ ನಾಲ್ಕು ವರ್ಷ ಆ ಮನೆಯಲ್ಲಿ ಇದ್ದೆ. ಸುಖವಾಗಿಯೇ ಇದ್ದೆ, ಅದನ್ನು ಮುಚ್ಚಿಡುವುದಿಲ್ಲ. ಪಶ್ಚಾತ್ತಾಪದಲ್ಲಿ ಕೊರಗಿದೆ ಎಂದು ಬರೆದರೆ ಓದುವವರಿಗೆ ಸಮಾಧಾನವಾಗಬಹುದು, ಆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಬೆಳಿಗ್ಗೆ ಚಹಾಕ್ಕೆ ಮಾಸಿಯ ಜೀರಿಗೆ ಖಾಖ್ರಾ. ಜ್ವರ ಬಂದರೆ ಮಾಸಿಯ ಖಿಚಡಿ. ಕಾಕಾ ನನಗೆ ಗುಜರಾತಿ ಓದಲು ಕಲಿಸಿದರು. ದೀಪಾವಳಿಯ ಮರುದಿನ ಇವರಿಗೆ ಹೊಸ ವರ್ಷ. ಆ ಬೆಳಿಗ್ಗೆ ಮಾಸಿ ಹೊಸ ಸೀರೆಯುಟ್ಟು ಬಾಗಿಲ ಮೇಲಿನ ಕೈಗಳಿಗೆ ಅಕ್ಷತೆ ಹಾಕಿ, ತಮ್ಮ ಬೆರಳಿನಿಂದ ಮುಟ್ಟಿ, ಆ ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಹಿಂದೆ ನಿಂತು ನಾನು ನೋಡುತ್ತಿದ್ದೆ. ನಾಚಿಕೆ ಆಗುತ್ತಿತ್ತು, ನಿಜ. ಅದರ ಜತೆಗೇ — ಹೇಗೆ ಹೇಳಲಿ — ಖುಷಿಯೂ ಆಗುತ್ತಿತ್ತು. ಗದಗಿನ ಒಬ್ಬ ಹುಡುಗಿಯ ಕೈಗೆ ವಡೋದರಾದ ಒಂದು ಮನೆಯಲ್ಲಿ ಅಕ್ಷತೆ ಬೀಳುತ್ತಿದೆ, ಈ ಮನೆಯ ಮಗಳಾಗಿ ನಾನೂ ಇಲ್ಲಿದ್ದೇನೆ ಎಂದು. ಇನ್ನೊಬ್ಬಳ ಜಾಗವನ್ನು ಕದ್ದು ಅಲ್ಲಿ ಬೆಚ್ಚಗೆ ಕೂತಿದ್ದೆ. ಬಾಯಿ ಬಿಡದಿರುವುದಕ್ಕೆ ಹೆದರಿಕೆ ಒಂದೇ ಕಾರಣವಲ್ಲ. ಆ ಜಾಗ ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಮದುವೆಯಾಗಿ ಅಹಮದಾಬಾದಿಗೆ ಬಂದು ಮೂರು ವರ್ಷವಾಯಿತು. ಬೋಡಕ್‌ದೇವ್‌ನಲ್ಲಿ ಫ್ಲಾಟು, ಒಳ್ಳೆಯ ಗಂಡ, ಬಾಗಿಲಿಗೆಲ್ಲ ನಾನೇ ಬಳಿದ ಸ್ಯಾಟಿನ್. ಎರಡು ವಾರದ ಹಿಂದೆ ಕಾಕಾ ಫೋನು ಮಾಡಿದರು. ಸೊಸೈಟಿಯ ಮನೆಗಳನ್ನೆಲ್ಲ ಕೆಡವಿ ಎತ್ತರದ ಕಟ್ಟಡ ಕಟ್ಟುತ್ತಾರಂತೆ. ಅವರಿಬ್ಬರೂ ಪಕ್ಕದ ಬೀದಿಯಲ್ಲೇ ಬಾಡಿಗೆ ಮನೆ ಹಿಡಿದಿದ್ದಾರೆ, ಖಾಖ್ರಾ ಹೆಂಗಸರೆಲ್ಲ ಅಲ್ಲಿಗೇ. ಕಾಕಾ ಲವಲವಿಕೆಯಲ್ಲೇ ಇದ್ದರು. ‘ಎಲ್ಲ ಬಾಗಿಲೂ ಗುಜರಿಗೆ. ಒಂದನ್ನು ಮಾತ್ರ ಬಿಡಿಸಿ ಫಾಲ್ಗುನಿಗೆ ಕಳಿಸುತ್ತೇನೆ, ಅಡಾಜಣ್‌ನ ಹೊಸ ಫ್ಲಾಟಿನಲ್ಲಿ ಅವಳ ಮಗಳ ಕೋಣೆಗೆ ಕೂರಿಸುತ್ತಾಳಂತೆ. ನೀನು ಬಣ್ಣದ ಡಾಕ್ಟರು, ಹೇಳು — ಟೆಂಪೋದಲ್ಲಿ ಕೈ ಅಳಿಸದ ಹಾಗೆ ಹೇಗೆ ಕಟ್ಟಲಿ?’

ನಾನು ಹೇಳಿದೆ! ಪ್ಲಾಸ್ಟಿಕ್ ನೇರ ತಾಗಬಾರದು, ನಾಲ್ಕು ಮೂಲೆಗೆ ಥರ್ಮಾಕೋಲ್ ಇಡಿ, ಮೇಲೆ ಒಣ ಬಟ್ಟೆ — ತೊದಲದೆ ಎಲ್ಲ ಹೇಳಿದೆ. ಫೋನು ಇಟ್ಟ ಮೇಲೆ ಕೂತುಬಿಟ್ಟೆ. ಆ ಮಗು ದಿನವೂ ಆ ಬಾಗಿಲು ತೆಗೆದು ಹಾಕಿ ಮಾಡುತ್ತದೆ, ಇದು ನನ್ನ ಅಮ್ಮನ ಕೈ ಎಂದು ತನ್ನ ಕೈ ಇಟ್ಟು ಅಳೆಯುತ್ತದೆ. ನನ್ನ ಕಳ್ಳತನ ಇನ್ನೊಂದು ತಲೆಮಾರಿಗೆ ಆಸ್ತಿಯಾಗಿ ಹೋಗುತ್ತದೆ. ಮಾಸಿಯ ಮನೆಯಲ್ಲಿ ಮಗಳಾಗಿ ಕೂತದ್ದು ಸಾಕು ಅನ್ನಿಸಿತು.

ಹೋದ ಭಾನುವಾರ ಬೆಳಿಗ್ಗೆ ರೈಲು ಹತ್ತಿದೆ. ಇನ್ನೂ ಖಾಲಿ ಮಾಡದ ಆ ಹಳೆಯ ಮನೆಯಲ್ಲಿ ಮಾಸಿ ಒಬ್ಬರೇ ತವೆಯ ಮುಂದೆ ಕೂತಿದ್ದರು. ಮಣೆ ಎಳೆದುಕೊಂಡು ಎದುರಿಗೆ ಕೂತು ಹೇಳಿದೆ. ಏನನ್ನೂ ಬಿಡಲಿಲ್ಲ — ಬೇಡ ಅಂದದ್ದು, ಮುಚ್ಚಿದ ಕಾಗದ, ಒರೆಸಿದ್ದು, ಎಡಗೈ ಅಲುಗಿಸಿದ್ದು, ಪ್ರತಿ ಹೊಸ ವರ್ಷ ಅವರ ಹಿಂದೆ ನಿಂತು ಖುಷಿಪಟ್ಟದ್ದು. ಮಾಸಿ ಒತ್ತುತ್ತಿದ್ದ ಖಾಖ್ರಾವನ್ನು ಮುಗಿಸಿದರು, ತೆಗೆದಿಟ್ಟರು, ಉರಿ ಆರಿಸಿದರು. ಬಾಗಿಲಿನ ಕಡೆ ನೋಡಲೇ ಇಲ್ಲ. ಬೈಯಲಿಲ್ಲ, ಅಳಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು.

‘ಎ ಕಪಡುಂ ಕ್ಯಾಂ ಛೆ?’ ಆ ಬಟ್ಟೆ ಎಲ್ಲಿದೆ?

ಏಳು ವರ್ಷದಲ್ಲಿ ನಾನು ಎಲ್ಲ ಪ್ರಶ್ನೆಗಳಿಗೂ ಉತ್ತರ ಕಟ್ಟಿಟ್ಟುಕೊಂಡಿದ್ದೆ, ಇದೊಂದನ್ನು ಬಿಟ್ಟು. ಮಗಳ ಕೈಯ ಕುಂಕುಮ ಬಾಗಿಲಿನಿಂದ ಬಟ್ಟೆಗೆ ಹೋಗಿತ್ತು. ಹೋಗಿತ್ತು, ಇನ್ನೂ ಇತ್ತು. ಅದನ್ನು ಮಡಚಿ ಇಟ್ಟಿದ್ದರೂ ಆ ತಾಯಿಗೆ ಏನಾದರೂ ಉಳಿಯುತ್ತಿತ್ತು. ಅದು ನನ್ನ ತಲೆಗೇ ಹೊಳೆದಿರಲಿಲ್ಲ.

‘ತೊಳೆದು ಹಾಕಿದೆ, ಮಾಸಿ’ ಎಂದೆ.

ಅವರು ತಲೆಯಾಡಿಸಿದರು. ಕೈಯ ಹಿಟ್ಟು ಕೊಡವಿಕೊಂಡು ಎದ್ದರು. ಶನಿವಾರ ಫಾಲ್ಗುನಿ ಬಾಗಿಲು ನೋಡಲು ಬರುತ್ತಾಳೆ, ಅವಳಿಗೆ ನೀನೇ ಹೇಳಬೇಕು, ನಾನು ಹೇಳುವುದಿಲ್ಲ ಎಂದರು. ಹೊರಡುವಾಗ ಎಂದಿನಂತೆ ಖಾಖ್ರಾದ ಪೊಟ್ಟಣ ಕೊಡಲಿಲ್ಲ; ನಾನೂ ಕಾಯಲಿಲ್ಲ.

ನಾಳೆ ಶನಿವಾರ. ಬೆಳಿಗ್ಗೆಯ ರೈಲಿಗೆ ಟಿಕೆಟ್ ಆಗಿದೆ. ಫಾಲ್ಗುನಿ ಕೂಗಾಡಬಹುದು, ಆ ಬಾಗಿಲೇ ಬೇಡ ಎನ್ನಬಹುದು, ನನ್ನ ಮುಖ ನೋಡದೆ ಹೋಗಬಹುದು. ಎಲ್ಲಕ್ಕೂ ಸಿದ್ಧಳಿದ್ದೇನೆ. ಅವಳೂ ಆ ಬಟ್ಟೆಯನ್ನೇ ಕೇಳಿದರೆ ಮಾತ್ರ ನನ್ನಲ್ಲಿ ಬೇರೆ ಉತ್ತರವಿಲ್ಲ — ಅವಳ ಕಣ್ಣು ನೋಡಿಯೇ ಹೇಳುತ್ತೇನೆ, ತೊಳೆದು ಹಾಕಿದೆ ಎಂದು.